ಸಿಲಿಂಡರ್ ಖಾಲಿಯಾಯಿತು, ಗ್ಯಾಸ್ ಎಲ್ಲಿ ಹೋಯಿತು?

ಬೆಳಿಗ್ಗೆ ಕಾಫಿಗೆಂದು ಪಾತ್ರೆಗೆ ತಣ್ಣೀರು ತುಂಬಿ, ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಿ. ಅರ್ಧ ನಿಮಿಷ ಬಗ್ಗಿ ನೋಡಿ. ಪಾತ್ರೆಯ ಹೊರಮೈ ಬೆವರಿದಂತೆ ಮಸುಕಾಗುತ್ತದೆ, ಕೆಲವೊಮ್ಮೆ ಸಣ್ಣ ಹನಿಗಳೂ ಕಟ್ಟುತ್ತವೆ. ಪಾತ್ರೆ ಕಾಯುತ್ತಿದ್ದಂತೆ ಆ ಬೆವರು ಮಾಯ. ನಮ್ಮ ಮನೆಯಲ್ಲಿ ಇದಕ್ಕೆ ಬಹುಕಾಲ ಸಿಗುತ್ತಿದ್ದ ವಿವರಣೆ ‘ಪಾತ್ರೆ ಸರಿಯಾಗಿ ಒರೆಸಿಲ್ಲ’ ಎಂಬುದು. ಒರೆಸಿ, ಬಿಸಿಲಿಗೆ ಒಣಗಿಸಿ ಇಟ್ಟರೂ ಅದು ಬೆವರುತ್ತದೆ. ಆ ನೀರು ನಲ್ಲಿಯಿಂದ ಬಂದದ್ದಲ್ಲ, ಬೆಂಕಿಯಿಂದ ಬಂದದ್ದು.

ಬೆಂಕಿ ನೀರನ್ನು ಹುಟ್ಟಿಸುತ್ತದೆ ಎಂದರೆ ಒಗಟಿನಂತೆ ಕೇಳಿಸುತ್ತದೆ. ಆದರೆ ಅಡುಗೆ ಗ್ಯಾಸಿನಲ್ಲಿ ಮುಖ್ಯವಾಗಿ ಇರುವುದು ಬ್ಯೂಟೇನ್ ಮತ್ತು ಪ್ರೊಪೇನ್. ಎರಡರಲ್ಲೂ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ. ಉರಿಯುವುದೆಂದರೆ ಇವು ಗಾಳಿಯ ಆಕ್ಸಿಜನ್ ಜೊತೆ ಕೂಡುವುದು. ಕಾರ್ಬನ್ ಕೂಡಿದರೆ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಕೂಡಿದರೆ ನೀರು. ಆವಿಯಾಗಿ ಮೇಲೇಳುವ ಆ ನೀರು ತಣ್ಣನೆಯ ಪಾತ್ರೆಗೆ ತಗುಲಿ ಹನಿಯಾಗುತ್ತದೆ.

ಇಷ್ಟನ್ನೂ ರಸಾಯನಶಾಸ್ತ್ರ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಕಾರ್ಬನ್‌ಗೆ ಸಿ, ಹೈಡ್ರೋಜನ್‌ಗೆ ಎಚ್, ಆಕ್ಸಿಜನ್‌ಗೆ ಒ ಎಂದು ಇಟ್ಟುಕೊಂಡರೆ ಬ್ಯೂಟೇನ್ ಉರಿಯುವ ಸಮಾಚಾರ ಹೀಗೆ:

ಸಿ₄ಎಚ್₁₀ + ಒ₂ → ಸಿಒ₂ + ಎಚ್₂ಒ

ಬಾಣದ ಎಡಕ್ಕೆ ಇದ್ದದ್ದು, ಬಲಕ್ಕೆ ಆದದ್ದು. ಯಾರು ಬಂದರು, ಯಾರಾಗಿ ಹೋದರು ಎಂಬುದು ಗೊತ್ತಾಯಿತು. ಆದರೆ ಲೆಕ್ಕ ಹಾಕಿದರೆ ಎಡವಟ್ಟು ಕಾಣುತ್ತದೆ. ಎಡಗಡೆ ಹತ್ತು ಹೈಡ್ರೋಜನ್ ಪರಮಾಣುಗಳಿವೆ, ಬಲಗಡೆ ಎರಡೇ. ಉಳಿದ ಎಂಟು ಎಲ್ಲಿ? ಕಾರ್ಬನ್ ನಾಲ್ಕರಲ್ಲಿ ಮೂರು ನಾಪತ್ತೆ. ಒಲೆಯ ಬೆಂಕಿಗೆ ಪರಮಾಣುವನ್ನು ಹುಟ್ಟಿಸುವ ಶಕ್ತಿಯೂ ಇಲ್ಲ, ಕೊಲ್ಲುವ ಶಕ್ತಿಯೂ ಇಲ್ಲ. ಅದು ಜೋಡಿಗಳನ್ನು ಬಿಡಿಸಿ ಬೇರೆ ಜೋಡಿ ಮಾಡುತ್ತದೆ, ಅಷ್ಟೇ. ಹಾಗಾಗಿ ಎರಡೂ ಕಡೆಯ ಲೆಕ್ಕ ಹೊಂದಲೇಬೇಕು.

ಕನ್ನಡ ಪಠ್ಯಪುಸ್ತಕಗಳು ಈ ಕೆಲಸಕ್ಕೆ ಬಳಸುವ ಮಾತು ‘ಸರಿದೂಗಿಸುವುದು’. ಒಳ್ಳೆಯ ಮಾತು, ಅದರೊಳಗೆ ತೂಗುವ ತಕ್ಕಡಿಯೇ ಕೂತಿದೆ. ಈ ವಿದ್ಯೆ ಶುರುವಾದದ್ದೂ ತಕ್ಕಡಿಯಿಂದಲೇ. ಪ್ಯಾರಿಸ್ಸಿನ ಆಂತ್ವಾನ್ ಲವಾಸಿಯೆ ಮಾಡಿದ ಪ್ರಯೋಗಗಳಲ್ಲಿ ತಕ್ಕಡಿಗೆ ದೊಡ್ಡ ಸ್ಥಾನ. ಹಾಕಿದ್ದೆಷ್ಟು, ಬಂದದ್ದೆಷ್ಟು, ಗಾಳಿಯಾಗಿ ಹೋದದ್ದೆಷ್ಟು ಎಂದು ತೂಗಿ ತೂಗಿ ಬರೆದ. 1789ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದ್ರಾಕ್ಷಾರಸ ಹುಳಿಯುವುದನ್ನು ವಿವರಿಸುತ್ತ, ಒಂದು ಕಡೆ ದ್ರಾಕ್ಷಾರಸ, ಇನ್ನೊಂದು ಕಡೆ ಕಾರ್ಬಾನಿಕ್ ಆಮ್ಲ ಮತ್ತು ಆಲ್ಕೋಹಾಲ್, ನಡುವೆ ಸಮಚಿಹ್ನೆ ಎಂದು ಬರೆದಿಟ್ಟ. ನಮ್ಮ ಇಂದಿನ ಸಮೀಕರಣಗಳ ಅಜ್ಜ ಅದು. ಈ ಮನುಷ್ಯನ ಇನ್ನೊಂದು ಕಸುಬು ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆ ಕೂಟದಲ್ಲಿ ಪಾಲುದಾರಿಕೆ. ಜಮಾ ಖರ್ಚು ತಾಳೆಯಾಗಬೇಕೆಂಬ ಹಟ ಅಲ್ಲಿಂದಲೇ ಪ್ರಯೋಗಶಾಲೆಗೂ ಬಂದಿರಬಹುದೇ ಎಂದು ನನಗೆ ಆಗಾಗ ಅನ್ನಿಸಿದೆ. ಆ ತೆರಿಗೆಯ ನಂಟೇ ಫ್ರಾನ್ಸಿನ ಕ್ರಾಂತಿಯಲ್ಲಿ ಅವನಿಗೆ ಮುಳುವಾಯಿತು. 1794ರ ಮೇ 8ರಂದು ಅವನ ತಲೆ ಉರುಳಿತು.

ಅಣ್ಣನ ಮಗಳು ಹತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವೇ ಈ ಸರಿದೂಗಿಸುವ ಪಾಠವಾಗಿತ್ತು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವುದನ್ನು ಸರಿದೂಗಿಸು ಎಂದೆ. ಎಡಗಡೆ ಎಚ್₂ + ಒ₂, ಬಲಗಡೆ ಎಚ್₂ಒ. ಆಕ್ಸಿಜನ್ ಒಂದು ಕಮ್ಮಿ ಬಿತ್ತು. ಅವಳು ಕ್ಷಣವೂ ಯೋಚಿಸದೆ ಬಲಗಡೆಯ ಒ ಪಕ್ಕ ಚಿಕ್ಕದೊಂದು 2 ಬರೆದಳು.

“ಸರಿ ಹೋಯ್ತಲ್ಲ ಚಿಕ್ಕಪ್ಪ? ಆ ಕಡೆ ಎರಡೆರಡು, ಈ ಕಡೆ ಎರಡೆರಡು.”

“ಲೆಕ್ಕ ಸರಿ ಇದೆ ಕಣೇ. ಆದ್ರೆ ನೀನು ಮಾಡಿದ್ದು ನೀರಲ್ಲ. ಗಾಯ ತೊಳೆದಾಗ ನೊರೆ ಬರುತ್ತಲ್ಲ, ಆ ಔಷಧಿ. ಹೈಡ್ರೋಜನ್ ಪೆರಾಕ್ಸೈಡ್.”

ಈ ತಪ್ಪನ್ನು ಮಾಡದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ. ನಾನೂ ಮಾಡಿದ್ದೇನೆ. ಬೋರ್ಡಿನ ಮೇಲೆ ನಿಯಮವನ್ನು ಎಷ್ಟು ಸಲ ಬರೆದರೂ ಇದು ಹೋಗುವುದಿಲ್ಲ. ಹೋಟೆಲಿಗೆ ಕರೆದುಕೊಂಡು ಹೋದರೆ ಹೋಗುತ್ತದೆ. ಒಂದು ಪ್ಲೇಟ್ ಇಡ್ಲಿ-ವಡೆ ಎಂದರೆ ಎರಡು ಇಡ್ಲಿ, ಒಂದು ವಡೆ. ನೀರಿನ ಅಣುವೂ ಹಾಗೆಯೇ, ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ವಡೆ ಹೆಚ್ಚು ಬೇಕಾದರೆ ಇನ್ನೊಂದು ಪ್ಲೇಟ್ ಹೇಳಬೇಕು, ಆಗ ಅದರ ಜೊತೆಗೆ ಇನ್ನೆರಡು ಇಡ್ಲಿಯೂ ಬರುತ್ತವೆ. ಅಕ್ಷರದ ಹಿಂದೆ ಕೆಳಗೆ ಕೂತ ಚಿಕ್ಕ ಅಂಕಿ ಪ್ಲೇಟಿನೊಳಗೆ ಏನಿದೆ ಎಂಬುದನ್ನು ಹೇಳುತ್ತದೆ. ಸೂತ್ರದ ಮುಂದೆ ನಿಂತ ದೊಡ್ಡ ಅಂಕಿ ಎಷ್ಟು ಪ್ಲೇಟ್ ಎಂಬುದನ್ನು ಹೇಳುತ್ತದೆ. ಸರಿದೂಗಿಸುವವರಿಗೆ ಅಧಿಕಾರ ಇರುವುದು ದೊಡ್ಡ ಅಂಕಿಯ ಮೇಲೆ ಮಾತ್ರ. ಎರಡು ಪ್ಲೇಟ್ ನೀರು ಹೇಳಿ: 2ಎಚ್₂ + ಒ₂ → 2ಎಚ್₂ಒ. ಮುಗಿಯಿತು.

ಧಾತುಗಳಿಗೆ ಅಕ್ಷರಗಳನ್ನು ಕೊಟ್ಟ ಸ್ವೀಡನ್ನಿನ ಬರ್ಜಿಲಿಯಸ್ 1813-14ರ ಹೊತ್ತಿಗೆ ಈ ಪದ್ಧತಿ ತಂದಾಗ ಚಿಕ್ಕ ಅಂಕಿಯನ್ನು ಅಕ್ಷರದ ತಲೆಯ ಮೇಲೆ ಇಟ್ಟಿದ್ದ. ಅದನ್ನು ಕಾಲ ಬುಡಕ್ಕೆ ಇಳಿಸುವ ರೂಢಿ ಬಂದದ್ದು 1830ರ ದಶಕದಲ್ಲಿ, ಜರ್ಮನಿಯ ಲೀಬಿಗ್‌ನಿಂದ. ಮೇಲಿರಲಿ ಕೆಳಗಿರಲಿ, ಅದನ್ನು ಮುಟ್ಟುವ ಹಾಗಿಲ್ಲ.

ಈಗ ಬ್ಯೂಟೇನ್‌ಗೆ ಮರಳೋಣ. ಎಲ್ಲಿಂದ ಶುರು ಮಾಡುವುದು? ಯಾವ ಧಾತು ಬಾಣದ ಎರಡೂ ಕಡೆ ಒಂದೊಂದೇ ಸೂತ್ರದಲ್ಲಿ ಕಾಣಿಸಿಕೊಂಡಿದೆಯೋ ಅದರಿಂದ. ಯಾವುದು ಒಂಟಿಯಾಗಿ ನಿಂತಿದೆಯೋ ಅದನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅದನ್ನು ಹೆಚ್ಚಿಸಿದರೆ ಬೇರೆ ಯಾರ ಲೆಕ್ಕವೂ ಕೆಡುವುದಿಲ್ಲ. ಇಲ್ಲಿ ಒಂಟಿ ಆಕ್ಸಿಜನ್. ಮೊದಲು ಕಾರ್ಬನ್: ಎಡಗಡೆ ನಾಲ್ಕು, ಹಾಗಾದರೆ ಬಲಗಡೆ 4ಸಿಒ₂. ಮುಂದೆ ಹೈಡ್ರೋಜನ್: ಹತ್ತು ಇವೆ, ಪ್ರತಿ ನೀರಿಗೆ ಎರಡು ಬೇಕು, ಹಾಗಾದರೆ 5ಎಚ್₂ಒ. ಈಗ ಬಲಗಡೆ ಆಕ್ಸಿಜನ್ ಎಷ್ಟಾಯಿತು? ಎಂಟು ಮತ್ತು ಐದು, ಹದಿಮೂರು. ಆದರೆ ಗಾಳಿಯ ಆಕ್ಸಿಜನ್ ಎರಡೆರಡು ಪರಮಾಣುಗಳ ಜೋಡಿಯಾಗಿಯೇ ಬರುತ್ತದೆ. ಹದಿಮೂರು ಬೇಕಾದರೆ ಆರೂವರೆ ಜೋಡಿ!

ಮಕ್ಕಳು ಪೆನ್ಸಿಲ್ ಕೆಳಗಿಡುವುದು ಇಲ್ಲಿಯೇ. ಅರ್ಧ ಬಂತೆಂದರೆ ಎಲ್ಲೋ ತಪ್ಪಿರಬೇಕು ಎಂದು ಅಳಿಸತೊಡಗುತ್ತಾರೆ. ತಪ್ಪೇನೂ ಆಗಿಲ್ಲ. ಅರ್ಧ ಅಣು ಎಂಬುದು ಸಿಗುವುದಿಲ್ಲ ಅಷ್ಟೇ, ಅದಕ್ಕೆ ಇಡೀ ಅಡುಗೆಯನ್ನೇ ಎರಡರಷ್ಟು ಮಾಡಿದರಾಯಿತು:

2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ

ಎಣಿಸಿ ನೋಡಿ. ಕಾರ್ಬನ್ ಎಂಟು, ಎಂಟು. ಹೈಡ್ರೋಜನ್ ಇಪ್ಪತ್ತು, ಇಪ್ಪತ್ತು. ಆಕ್ಸಿಜನ್ ಇಪ್ಪತ್ತಾರು, ಇಪ್ಪತ್ತಾರು.

ಪರೀಕ್ಷೆಗೆ ಇಷ್ಟೇ ಸಾಕು. ಆದರೆ ಇಲ್ಲಿಗೇ ನಿಲ್ಲಿಸಿಬಿಡುವುದರಿಂದಲೇ ಈ ಪಾಠ ಒಣ ಕಸರತ್ತಾಗಿ ಉಳಿದಿದೆ ಎಂಬುದು ನನ್ನ ತಕರಾರು. ಇದರ ರುಚಿ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೈಡ್ರೋಜನ್ ಪರಮಾಣುವಿನ ತೂಕ 1 ಎಂದುಕೊಂಡರೆ ಕಾರ್ಬನ್ನಿನದು 12, ಆಕ್ಸಿಜನ್ನಿನದು 16. ಹಾಗಾದರೆ ಎರಡು ಬ್ಯೂಟೇನ್ 116, ಹದಿಮೂರು ಆಕ್ಸಿಜನ್ 416; ಒಟ್ಟು 532. ಆಚೆ ಕಡೆ ಎಂಟು ಕಾರ್ಬನ್ ಡೈಆಕ್ಸೈಡ್ 352, ಹತ್ತು ನೀರು 180, ಅಲ್ಲಿಯೂ 532. ಈ ಅಂಕಿಗಳನ್ನು ಗ್ರಾಂ ಎನ್ನಿ, ಕಿಲೋ ಎನ್ನಿ, ಅನುಪಾತ ಅದೇ.

ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ತಂದುಕೊಡುವವರನ್ನು ಕೇಳಿದರೆ ತೂಗಿ ತೋರಿಸಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಲೆಕ್ಕ ಸುಲಭವಾಗಲೆಂದು ಅದರಲ್ಲಿರುವುದು ಪೂರ್ತಿ ಬ್ಯೂಟೇನ್ ಎಂದೇ ಇಟ್ಟುಕೊಳ್ಳೋಣ. ಸಿಲಿಂಡರ್ ಮುಗಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಹುಟ್ಟಿರುವ ಕಾರ್ಬನ್ ಡೈಆಕ್ಸೈಡ್ ಸುಮಾರು 43 ಕಿಲೋ. ನೀರು 22 ಕಿಲೋ, ಅಂದರೆ 22 ಲೀಟರ್. ಹದಿನಾಲ್ಕು ಕಿಲೋ ಗ್ಯಾಸಿನಿಂದ ಅರವತ್ತೈದು ಕಿಲೋ ಸರಕು! ಮಿಕ್ಕ 51 ಕಿಲೋ ಬಂದದ್ದು ಕಿಟಕಿಯಿಂದ. ಅದು ಆಕ್ಸಿಜನ್, ಅದಕ್ಕೆ ಬಿಲ್ಲೂ ಇಲ್ಲ, ಬುಕಿಂಗೂ ಇಲ್ಲ. ಗಾಳಿಯ ತೂಕದಲ್ಲಿ ಆಕ್ಸಿಜನ್ ಪಾಲು ಶೇಕಡ 23ರಷ್ಟು ಮಾತ್ರ, ಹಾಗಾಗಿ ಅಷ್ಟು ಆಕ್ಸಿಜನ್ ಸಿಗಬೇಕಾದರೆ 220 ಕಿಲೋ ಗಾಳಿ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಆರೇಳು ಅಡುಗೆಮನೆಗಳನ್ನು ತುಂಬುವಷ್ಟು ಗಾಳಿ ಅದು.

ಆ ಗಾಳಿ ಸಾಲದೆ ಹೋದರೆ? ಆಗಲೂ ಬ್ಯೂಟೇನ್ ಉರಿಯುತ್ತದೆ, ಆದರೆ ಬೇರೆ ಸಮೀಕರಣದ ಪ್ರಕಾರ:

2ಸಿ₄ಎಚ್₁₀ + 9ಒ₂ → 8ಸಿಒ + 10ಎಚ್₂ಒ

2ಸಿ₄ಎಚ್₁₀ + 5ಒ₂ → 8ಸಿ + 10ಎಚ್₂ಒ

ಎರಡನ್ನೂ ಎಣಿಸಿ, ಎರಡೂ ಸರಿದೂಗಿವೆ. ಆಕ್ಸಿಜನ್ ಅಣುಗಳು ಹದಿಮೂರರಿಂದ ಒಂಬತ್ತಕ್ಕೆ, ಒಂಬತ್ತರಿಂದ ಐದಕ್ಕೆ ಇಳಿದಿವೆ. ಕೊನೆಯ ಸಾಲಿನಲ್ಲಿ ಕಾರ್ಬನ್ ಜೊತೆ ಕೂಡಲು ಆಕ್ಸಿಜನ್ ಉಳಿದೇ ಇಲ್ಲ. ಕಾರ್ಬನ್ ಹಾಗೆಯೇ ಪಾತ್ರೆಯ ತಳಕ್ಕೆ ಮೆತ್ತಿಕೊಳ್ಳುತ್ತದೆ. ಬರ್ನರ್ ತೂತು ಕಟ್ಟಿದಾಗ ಜ್ವಾಲೆ ಹಳದಿಯಾಗಿ ಪಾತ್ರೆ ಮಸಿ ಹಿಡಿಯುವುದು ಇದರಿಂದಲೇ. ಮಸಿಯನ್ನು ಬೂದಿ ಹಾಕಿ ತಿಕ್ಕಿದರೆ ಹೋದೀತು. ಭಯ ಇರುವುದು ಮೇಲಿನ ಸಾಲಿನಲ್ಲಿ. ಸಿಒ₂ ಎಂಬಲ್ಲಿದ್ದ ಚಿಕ್ಕ 2 ಬಿದ್ದುಹೋಗಿ ಸಿಒ ಆಗಿದೆ. ಮೊದಲನೆಯದನ್ನು ನಾವು ಸೋಡಾದಲ್ಲಿ ಕುಡಿದು ತೇಗುತ್ತೇವೆ. ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನನ್ನು ಆಕ್ಸಿಜನ್‌ಗಿಂತ ಸುಮಾರು 200 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಎದ್ದು ಬಾರದ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅಲ್ಲಿ ನಡೆದಿರುವುದು ಇದು.

ಒಂದೇ ಗ್ಯಾಸ್, ಒಂದೇ ಗಾಳಿ, ಮೂರು ಸಮೀಕರಣ. ಯಾವುದು ನಡೆಯುತ್ತಿದೆ ಎಂಬುದು ಅಂಕಿಗಳಲ್ಲಿಲ್ಲ, ಜ್ವಾಲೆಯಲ್ಲಿದೆ. ಸರಿದೂಗಿದ ಮಾತ್ರಕ್ಕೆ ಸಮೀಕರಣ ನಿಜವಾಗಬೇಕೆಂದೇನೂ ಇಲ್ಲ ಎಂಬುದನ್ನು ಮೇಷ್ಟರುಗಳು ಮೊದಲ ದಿನವೇ ಹೇಳಬೇಕು. ನಾಲ್ಕು ಕಬ್ಬಿಣದ ಪರಮಾಣು ಮತ್ತು ಮೂರು ಆಕ್ಸಿಜನ್ ಅಣು ಸೇರಿದರೆ ಎರಡು ಪಾಲು ಕಬ್ಬಿಣದ ಆಕ್ಸೈಡ್. ಲೆಕ್ಕ ಹೊಂದುತ್ತದೆ, ಗೇಟಿಗೆ ತುಕ್ಕೂ ಹಿಡಿಯುತ್ತದೆ. (ತುಕ್ಕಿನಲ್ಲಿ ನೀರಿನ ಪಾಲೂ ಉಂಟು, ಸದ್ಯಕ್ಕೆ ಬಿಡೋಣ.) ಕಬ್ಬಿಣದ ಜಾಗದಲ್ಲಿ ಚಿನ್ನ ಎಂದು ಬರೆಯಿರಿ. ಅವೇ ಅಂಕಿಗಳು, ಅದೇ ಹೊಂದಾಣಿಕೆ, ಕಾಗದದ ಮೇಲೆ ಒಂದು ಕುಂದೂ ಇಲ್ಲ. ಆದರೆ ಅಜ್ಜಿಯ ಕಾಲದ ಸರ ಪೆಟ್ಟಿಗೆಯಲ್ಲಿ ಹಾಗೆಯೇ ಹೊಳೆಯುತ್ತ ಬಿದ್ದಿರುತ್ತದೆ. ಗಾಳಿಯ ಆಕ್ಸಿಜನ್ ಎಷ್ಟು ಸುಳಿದಾಡಿದರೂ ಅದು ಕೂಡಲೊಲ್ಲದು.

ಸಿಲಿಂಡರಿನಲ್ಲಿ ಪ್ರೊಪೇನ್ ಕೂಡ ಇದೆ ಎಂದೆನಲ್ಲ. ಅದರ ಸೂತ್ರ ಸಿ₃ಎಚ್₈. ಅದನ್ನು ನಿಮಗೇ ಬಿಟ್ಟಿದ್ದೇನೆ. ಕಾರ್ಬನ್ನಿನಿಂದ ಶುರು ಮಾಡಿ, ಆಕ್ಸಿಜನ್ ಕೊನೆಗಿರಲಿ. ಆರೂವರೆಯ ಕಾಟ ಇಲ್ಲಿ ಬರುವುದಿಲ್ಲ. ಎರಡೂ ಕಡೆಯ ತೂಕ 204 ಬಂದರೆ ನಿಮ್ಮ ಉತ್ತರ ಸರಿ.