ತಂತಿಯ ಎತ್ತರ ತಪ್ಪಿದರೆ ಸ್ವರವೂ ತಪ್ಪುತ್ತೆ: ಮಿರಜ್ ಕುಶಲಕರ್ಮಿಗಳಿಂದ ಕಲಿಯುವ ಪಾಠ

ಮನೆಯಲ್ಲೇ ಫ್ರೆಟ್ ಇಲ್ಲದ ಗಿಟಾರ್ ಮಾಡುವ ಹುಡುಗರು ಮರ, ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ. ನುಡಿಸಲು ಕೂತಾಗ ಕಾಡುವುದು ತಂತಿಯ ಎತ್ತರ. ಹೆಚ್ಚಾದರೆ ಬೆರಳು ನೋಯುತ್ತೆ, ಒತ್ತಿದಾಗ ತಂತಿ ಬಿಗಿದು ಸ್ವರ ಏರುತ್ತೆ. ಕಡಿಮೆಯಾದರೆ ಮರಕ್ಕೆ ತಾಗಿ ಗರಗರ ಎನ್ನುತ್ತೆ.

ಈ ಸೂಕ್ಷ್ಮವನ್ನು ಕಿವಿಯಲ್ಲೇ ಅಳೆಯುವವರು ಸಾಂಗ್ಲಿ ಜಿಲ್ಲೆಯ ಮಿರಜ್‌ನ ಸಿತಾರ್‌ಮೇಕರ್ ಮನೆತನದವರು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಮುಸ್ಲಿಂ ಶಿಕಲಗಾರರು ಇವರ ಹಿರಿಯರು. 19ನೇ ಶತಮಾನದಲ್ಲಿ ಫರೀದ್‌ಸಾಹೇಬ್ ಶಿಕಲಗಾರ್ ವಾದ್ಯ ತಯಾರಿಕೆಗೆ ಕೈಹಾಕಿದರು. ವಾದ್ಯದ ಬುರುಡೆಗೆ ಬೇಕಾದ ಸೋರೆ ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಕಡೆಯಿಂದ. ಮಿರಜ್‌ನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ.

ತಂಬೂರಿಗೂ ಮೆಟ್ಟುಗಳಿಲ್ಲ. ಅದರ ಅಗಲ ಕುದುರೆಯನ್ನು ಸ್ವಲ್ಪಸ್ವಲ್ಪವೇ ಉಜ್ಜಿ, ತಂತಿಯಡಿ ನೂಲು ಸರಿಸಿ, ಝೇಂಕಾರ ಬರಿಸುತ್ತಾರೆ. ಇದೇ ಜವಾರಿ.

ಗಿಟಾರ್‌ಗೂ ಅದೇ ತಾಳ್ಮೆ ಬೇಕು. ಮೊದಲು ತಂತಿಯನ್ನು ಶ್ರುತಿಗೆ ಬಿಗಿಯಿರಿ. ಸಡಿಲ ತಂತಿಯ ಅಳತೆ ಸುಳ್ಳು. ಕತ್ತು ಬಾಗಿದೆಯೇ ನೋಡಿ. ತಲೆಯ ಕಡೆ ತಂತಿಯಡಿ ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಸಾಕು. ಕತ್ತು ಮುಗಿಯುವಲ್ಲಿ ಸುಮಾರು 2ರಿಂದ 3 ಮಿ.ಮೀ. ಇಟ್ಟು ನುಡಿಸಿ ನೋಡಿ. ದಪ್ಪ ತಂತಿಗೆ ತುಸು ಹೆಚ್ಚು ಬೇಕು. ಕುದುರೆಯನ್ನು ಅಡಿಯಿಂದ ಉಜ್ಜಿ, ಪ್ರತಿ ಸಲ ಶ್ರುತಿ ಮಾಡಿ ಕೇಳಿ.

ಉಜ್ಜಿದ ಮರ ಮತ್ತೆ ಬೆಳೆಯಲ್ಲ. ಅವಸರ ಬೇಡ.