ಆನೆ ಎಲ್ಲಿದೆ ಅಂತ ಕೇಳಿಕೊಂಡು ಗೇರ್ ಹಾಕಿ

ಸಕಲೇಶಪುರಕ್ಕೆ ಬೈಕ್ ರೈಡ್ ಅಂದ್ರೆ ನಮ್ಮ ಆಫೀಸಿನಲ್ಲಿ ಎಲ್ಲರ ತಲೆಯಲ್ಲೂ ಒಂದೇ ಚಿತ್ರ. ಬೆಳಗಿನ ಜಾವ ನೆಲಮಂಗಲದಲ್ಲಿ ಸೇರೋದು, ಹೈವೇ ಹೋಟೆಲಲ್ಲಿ ಇಡ್ಲಿ ವಡೆ, ಮಂಜರಾಬಾದ್ ಕೋಟೆ ಮುಂದೆ ಸೆಲ್ಫಿ, ಸಂಜೆ ಹೋಮ್‌ಸ್ಟೇಯಲ್ಲಿ ಕ್ಯಾಂಪ್‌ಫೈರ್. ತಪ್ಪೇನಿಲ್ಲ ಬಿಡಿ. 1792ರಲ್ಲಿ ಟಿಪ್ಪು ಕಟ್ಟಿ ಮುಗಿಸಿದ ಆ ಎಂಟು ಮೂಲೆಯ ನಕ್ಷತ್ರದ ಕೋಟೆಯನ್ನು ಒಮ್ಮೆಯಾದರೂ ನೋಡಲೇಬೇಕು. ಆದರೆ ಕಳೆದ ನವೆಂಬರಿನಲ್ಲಿ ನನಗೆ ಬೇಕಿದ್ದದ್ದು ಡಾಂಬರು ಮುಗಿದ ಮೇಲೆ ಶುರುವಾಗುವ ಸಕಲೇಶಪುರ. ಅದೂ ಒಬ್ಬನೇ.

ಒಬ್ಬನೇ ಮಣ್ಣಿನ ದಾರಿಗೆ ಇಳಿಯುವವನಿಗೆ ಸ್ಪೀಡು, ಸಿಸಿ ಎಲ್ಲಾ ಆಮೇಲೆ. ಮೊದಲ ಪ್ರಶ್ನೆ: ಗಾಡಿ ಬಿದ್ದರೆ ಒಬ್ಬನೇ ಎತ್ತಬಲ್ಲೆನಾ? ಅದಕ್ಕೇ ನಾನು ಓಡಿಸೋದು ಎಕ್ಸ್‌ಪಲ್ಸ್ 200. ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಬೆನ್ನು ಗಾಡಿಗೆ ಕೊಟ್ಟು, ಕಾಲಿನ ಬಲದಲ್ಲಿ ಹಿಂದಕ್ಕೆ ನಡೆದರೆ ಎದ್ದು ನಿಲ್ಲುತ್ತೆ. ಬ್ಯಾಗಿನಲ್ಲಿ ಒಂದು ಟ್ಯೂಬು, ಕೈಪಂಪು, ಎಕ್ಸ್‌ಟ್ರಾ ಕ್ಲಚ್ ಲಿವರ್, ಎರಡು ಲೀಟರ್ ನೀರು. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಂಡಿದ್ದೆ. ಇನ್ನೊಂದು ಮಾತು. ಇಲ್ಲಿ ಮ್ಯಾಪಿನಲ್ಲಿ ಕಾಣುವ ಗೆರೆಗಳಲ್ಲಿ ಅರ್ಧ ಯಾರದೋ ಕಾಫಿ ತೋಟದ ಒಳದಾರಿ, ಇನ್ನೊಂದಷ್ಟು ಮೀಸಲು ಅರಣ್ಯ. ತೋಟಕ್ಕಾದರೆ ಗೇಟಿನಲ್ಲಿ ಕೇಳಿ ಹೋಗಬೇಕು, ಕಾಡಿಗಾದರೆ ಹೋಗಲೇಬಾರದು. 'ಆಫ್‌ರೋಡ್' ಅಂದ ಮಾತ್ರಕ್ಕೆ ಅದು ನಮ್ಮಪ್ಪನ ಜಾಗ ಆಗಲ್ಲ.

ಆಲೂರಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಮಗ್ಗೆ, ರಾಯರಕೊಪ್ಪಲು ಕಡೆ ಹೊರಟೆ. ಈ ಭಾಗಕ್ಕೆ ಟೂರಿಸ್ಟ್‌ಗಳು ಕಡಿಮೆ. ದಾರಿಯ ಎರಡೂ ಬದಿ ಬಲಿತು ಬಾಗಿದ ಭತ್ತ, ಅದರ ಹಿಂದೆ ಕಾಫಿ, ಕಾಫಿಯ ಹಿಂದೆ ಕಾಡು. ಹಳ್ಳಿ ದಾಟಿದ್ದೇ ಟೈರಿನ ಗಾಳಿ ಇಳಿಸಿದೆ. ಕೆಮ್ಮಣ್ಣು ಮೇಲೆ ಒಣಗಿದ ಹಾಗೆ ಕಾಣುತ್ತೆ, ಮರದ ನೆರಳಿದ್ದ ಕಡೆ ಒಳಗೆಲ್ಲಾ ಸೋಪು. ಪೆಗ್ ಮೇಲೆ ಎದ್ದು ನಿಂತು, ಎರಡನೇ ಗೇರಲ್ಲಿ, ಬ್ರೇಕ್ ಮುಟ್ಟದೆ ಇಳಿಯಬೇಕು. ಗಂಟೆಗೆ ಹದಿನೈದು ಕಿಲೋಮೀಟರ್ ಹೋದರೆ ಅವತ್ತು ನೀವೇ ಹೀರೋ.

ಯಸಳೂರಿನ ಹತ್ತಿರ ಒಂದು ಟೀ ಅಂಗಡಿ. ಅಂಗಡಿಯವರು ನನ್ನ ಹೆಲ್ಮೆಟ್ಟು, ಮೊಣಕಾಲು ಗಾರ್ಡು ಎಲ್ಲಾ ಒಮ್ಮೆ ನೋಡಿ, "ಅರ್ಜುನನಂಥ ಆನೇನೇ ಇಲ್ಲಿ ಉಳೀಲಿಲ್ಲ ಸಾರ್, ಇದೇನು ಮಹಾ" ಅಂದರು. ಎಂಟು ದಸರೆಗಳಲ್ಲಿ 750 ಕಿಲೋ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತಿದ್ದು ಇದೇ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆ ವೇಳೆ ಒಂಟಿ ಸಲಗದ ಜೊತೆ ಕಾದಾಡುತ್ತಾ. ಬೆಂಗಳೂರಿನಲ್ಲಿ ಅದು ನಮಗೆ ಎರಡು ದಿನದ ಸುದ್ದಿ. ಇಲ್ಲಿ ಅದನ್ನು ಹೇಳುವ ದನಿ ಬೇರೆ. ಮನೆ ಹಿರಿಯರೊಬ್ಬರು ಹೋದದ್ದನ್ನು ಹೇಳುವ ಹಾಗೆ.

ವನಗೂರು ದಾಟಿ ಬಿಸಿಲೆ ಕಡೆ ಹೋದರೆ ಮಂಕನಹಳ್ಳಿ ಹತ್ತಿರ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಇನ್ನೊಂದು ಬದಿಯದು ಕುಮಾರಧಾರಾ, ನೇತ್ರಾವತಿ ದಾರಿಯಲ್ಲಿ ಅರಬ್ಬೀ ಸಮುದ್ರಕ್ಕೆ. ಈಗ ಇದೇ ತಾಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಪಂಪುಗಳು ಪಶ್ಚಿಮಕ್ಕೆ ಹರಿಯುವ ನೀರನ್ನು ಪೂರ್ವಕ್ಕೆ ಎತ್ತುತ್ತಿವೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಲೆಕ್ಕ 24.01 ಟಿಎಂಸಿ. ಆ ಕಲ್ಲಿನ ಮೇಲೆ ಬಾಟಲಿಯ ನೀರು ಸುರಿದು ಎರಡು ಕಡೆ ಹರಿಯೋದನ್ನು ನೋಡಿದೆ. ಚಿಕ್ಕ ಹುಡುಗರ ಆಟ, ಗೊತ್ತು. ಆದರೂ ಯಾರೂ ಇಲ್ಲದಾಗ ಮಾಡಿ ನೋಡಿ, ಮಜಾ ಇರುತ್ತೆ.

ಸಂಜೆ ನಾಲ್ಕೂವರೆಗೆ ಹೆತ್ತೂರು ಕಡೆಯ ಒಂದು ಕವಲಿನಲ್ಲಿದ್ದೆ. ಬಲಕ್ಕೆ ಸುತ್ತು ದಾರಿ. ಎಡಕ್ಕೆ ತೋಟದ ಮಧ್ಯೆ ಆರು ಕಿಲೋಮೀಟರ್ ಜೀಪ್ ರಸ್ತೆ. ಇಡೀ ದಿನ ಇಂಥದ್ದಕ್ಕೇ ಕಾದಿದ್ದೆ. ಕವಲಿನ ಮನೆಯ ಅಂಗಳದಲ್ಲಿ ವಯಸ್ಸಾದವರೊಬ್ಬರು ಕಾಫಿ ಹಣ್ಣಿನ ಚೀಲ ಹೊಲಿಯುತ್ತಿದ್ದರು. ಇಂಜಿನ್ ಆಫ್ ಮಾಡಿ ಕೇಳಿದೆ. ಅವರು ತಲೆ ಎತ್ತದೆ ಒಳಗೆ ಕೂಗಿದರು: "ಏನಮ್ಮಾ, ಎಲ್ಲೈತೆ ಅಂತೆ ನೋಡು."

ಸೊಸೆ ಮೊಬೈಲ್ ಹಿಡಿದು ಹೊರಗೆ ಬಂದರು. ವಾಟ್ಸಾಪ್ ಗ್ರೂಪು. ಅರಣ್ಯ ಇಲಾಖೆಯವರು, ತೋಟದವರು, ಊರವರು ಎಲ್ಲಾ ಅದರಲ್ಲಿ. ಯಾವ ತೋಟದಲ್ಲಿ ಎಷ್ಟು ಆನೆ, ಯಾವ ಕಡೆ ಮುಖ, ಎಲ್ಲಾ ಬರುತ್ತೆ. ನನಗೆ ರಾತ್ರಿ ಸರ್ವರ್ ಬಿದ್ದರೆ ಆನ್-ಕಾಲ್ ಅಲರ್ಟ್ ಬರುತ್ತಲ್ಲ, ಥೇಟ್ ಹಾಗೆ. ವ್ಯತ್ಯಾಸ ಇಷ್ಟೇ: ನಾನು ಅಲರ್ಟನ್ನು ಮ್ಯೂಟ್ ಮಾಡಿ ಮಲಗಬಹುದು.

"ಒಂಟಿ ಅಣ್ಣ, ಈ ಜೀಪ್ ರೋಡಲ್ಲೇ ಇದೆ. ಬೈನೆ ಮರ ಸೀಳ್ತಾ ನಿಂತಿದೆಯಂತೆ" ಅಂದರು.

"ಬೈಕ್ ಸದ್ದಿಗೆ ಅದು ಓಡಲ್ಲ, ಅಟ್ಟಿಸ್ಕೊಂಡ್ ಬರ್ತದೆ. ಆರು ಗಂಟೆ ಮೇಲೆ ಸುತ್ತು ದಾರೀನೂ ಬೇಡ. ಇಲ್ಲೇ ಮಲ್ಕೋ ಮಗ," ಅಂದರು ಅಜ್ಜ. ವಾದ ಮಾಡುವ ಮಾತೇ ಇರಲಿಲ್ಲ. ಗಾಡಿ ತಳ್ಳಿಕೊಂಡು ಕೊಟ್ಟಿಗೆ ಪಕ್ಕ ನಿಲ್ಲಿಸಿದೆ.

ರಾತ್ರಿ ಅಕ್ಕಿ ರೊಟ್ಟಿ, ಹುರುಳಿ ಸಾರು. ಊಟದ ಮಧ್ಯೆ ತಿಳಿದದ್ದು: ಮನೆ ಮುಂದಿನ ಗದ್ದೆ ಮುಕ್ಕಾಲು ಎಕರೆ, ಸೋಮವಾರ ಕೊಯ್ಲಿಗೆ ಆಳು ಹೇಳಿದ್ದಾರೆ. ಮೊದಲು ಏಳಕ್ಕೇ ತೋಟಕ್ಕೆ ಹೋಗುತ್ತಿದ್ದ ಸೊಸೆ ಈಗ ಗ್ರೂಪ್ ನೋಡಿ ಎಂಟೂವರೆಗೆ ಹೊರಡುತ್ತಾರೆ. ಮೊಮ್ಮಗಳನ್ನು ಸ್ಕೂಲಿಗೆ ಬಿಡುವ ಜೀಪು ಕೆಲವು ದಿನ ಬರುವುದೇ ಇಲ್ಲ. ಆ ಆರು ಕಿಲೋಮೀಟರು ನನಗೆ ಟ್ರೇಲು. ಅವಳಿಗೆ ಅದೇ ಸ್ಕೂಲ್ ದಾರಿ.

ಒಂದೂವರೆಗೆ ನಾಯಿ ಬೊಗಳಿ, ಒಮ್ಮೆಲೇ ಸುಮ್ಮನಾಯಿತು. ಆಮೇಲೆ ಗದ್ದೆಯಲ್ಲಿ ಚರಕ್ ಚರಕ್ ಸದ್ದು, ಯಾರೋ ನಿಧಾನಕ್ಕೆ ಹುಲ್ಲು ಕೀಳುತ್ತಿರುವ ಹಾಗೆ. ಅಜ್ಜ ಕತ್ತಲಲ್ಲೇ ನನ್ನ ತೋಳು ಹಿಡಿದು, "ಲೈಟ್ ಹಾಕಬೇಡ" ಅಂದರು. ಆಚೆ ದಿಣ್ಣೆಯ ಮನೆಯವರು ಪಟಾಕಿ ಹೊಡೆದರು, ತಗಡು ಬಡಿದರು. ನನಗೆ ಕಂಡಿದ್ದು ಕತ್ತಲಲ್ಲಿ ಇನ್ನೂ ಕಪ್ಪಾದ ಒಂದು ಗುಡ್ಡೆ. ಅದು ಅವಸರವಿಲ್ಲದೆ ಉಂಡು, ಅವಸರವಿಲ್ಲದೆ ಹೋಯಿತು. ಅಷ್ಟು ಹೊತ್ತೂ ಅಜ್ಜ ನನ್ನ ತೋಳು ಬಿಟ್ಟಿರಲಿಲ್ಲ. ಕೈ ನಡುಗುತ್ತಿದ್ದುದು ಅವರದೋ ನನ್ನದೋ ಗೊತ್ತಾಗಲಿಲ್ಲ.

ಬೆಳಿಗ್ಗೆ ನೋಡಿದರೆ ಗದ್ದೆಯ ಕಾಲು ಭಾಗ ನೆಲಕ್ಕೆ ಅಂಟಿತ್ತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಒಂದೊಂದು ಹೆಜ್ಜೆಯಲ್ಲೂ ನೀರು ನಿಂತಿತ್ತು. ಅಜ್ಜ ಬೈಯಲಿಲ್ಲ. "ಹೊಟ್ಟೆಗೆ ತಿಂದ್ರೆ ತಿನ್ಲಿ, ಹಿಂಗ್ ಮಾಡ್ಬಾರ್ದಿತ್ತು" ಅಂದು ಬದುವಿನ ಮೇಲೆ ಕೂತರು. ಪರಿಹಾರದ ಅರ್ಜಿಗೆ ಫೋಟೋ ಬೇಕು, ಸೊಸೆಯ ಫೋನಿನ ಕ್ಯಾಮೆರಾ ಮಬ್ಬಾಗಿತ್ತು. ನನ್ನ ಫೋನಿನಲ್ಲಿ ನಾಲ್ಕೂ ಮೂಲೆಯಿಂದ, ಲೊಕೇಶನ್ ಬರುವ ಹಾಗೆ ತೆಗೆದು ಕಳಿಸಿದೆ. ಆ ಟ್ರಿಪ್ಪಿನಲ್ಲಿ ನನ್ನ ಇಂಜಿನಿಯರಿಂಗ್ ಡಿಗ್ರಿ ಉಪಯೋಗಕ್ಕೆ ಬಂದದ್ದು ಅಷ್ಟೇ.

ಸೋಮವಾರದ ತನಕ ಕಾಯೋದು ಬೇಡ ಅಂತ ತೀರ್ಮಾನವಾಯಿತು. ಪಕ್ಕದ ಮನೆಯಿಂದ ಮೂವರು ಬಂದರು. ನನಗೂ ಒಂದು ಕುಡುಗೋಲು ಸಿಕ್ಕಿತು. ಹತ್ತು ನಿಮಿಷದಲ್ಲಿ ಸೊಸೆ ಅದನ್ನು ವಾಪಸ್ ಇಸ್ಕೊಂಡು, "ನೀವು ಹೊರೆ ಹೊರಿ ಅಣ್ಣ" ಅಂದರು. ಹನ್ನೊಂದರ ತನಕ ಹೊತ್ತೆ.

ಹೊರಡುವ ಮೊದಲು ನನ್ನ ನಂಬರನ್ನೂ ಗ್ರೂಪಿಗೆ ಸೇರಿಸಿದರು. ದಾರಿ ಖಾಲಿ ಅಂತ ಮೆಸೇಜ್ ಬಂದ ಮೇಲೆ, ಊರವರ ಒಪ್ಪಿಗೆ ಪಡೆದು, ಆ ಆರು ಕಿಲೋಮೀಟರನ್ನು ಹಗಲಲ್ಲೇ ಓಡಿಸಿದೆ. ಕಲ್ಲು, ಎರಡು ಹಳ್ಳ, ಒಂದು ಕಡಿದಾದ ಏರು. ಸೀಳಿದ ಬೈನೆ ಮರ ದಾರಿಗೆ ಅಡ್ಡ ಬಿದ್ದಿತ್ತು, ತಿರುಳು ಇನ್ನೂ ಬೆಳ್ಳಗಿತ್ತು. ಅದರ ಪಕ್ಕದಲ್ಲೇ, ಒದ್ದೆ ಮಣ್ಣಿನ ಮೇಲೆ, ಪುಟ್ಟ ಸ್ಕೂಲ್ ಶೂಗಳ ಹಳೆಯ ಗುರುತು.