ಕ್ರಾಕ್ ದೆ ಶೆವಾಲಿಯೆ: ಮಠವೂ ಆಗಿದ್ದ ಗಿರಿದುರ್ಗ

ಸಿರಿಯಾ ದೇಶದ ಹೋಮ್ಸ್ ನಗರಕ್ಕೆ ಪಶ್ಚಿಮದಲ್ಲಿ, ಸುಮಾರು 650 ಮೀಟರ್ ಎತ್ತರದ ಬೆಟ್ಟದ ಮೇಲೆ ಕ್ರಾಕ್ ದೆ ಶೆವಾಲಿಯೆ ಎಂಬ ಕೋಟೆಯಿದೆ. ಒಳನಾಡಿನಿಂದ ಮೆಡಿಟರೇನಿಯನ್ ಕಡಲಿಗೆ ಇಳಿಯುವ ಹೆದ್ದಾರಿ ಇದರ ಕಣ್ಗಾವಲಿನಲ್ಲಿತ್ತು. 1031ರಲ್ಲಿ ಇಲ್ಲಿ ಕುರ್ದ್ ಸೈನಿಕರ ಠಾಣ್ಯ ನೆಲೆಗೊಂಡುದರಿಂದ ಅರಬರು ಇದನ್ನು 'ಕುರ್ದರ ಕೋಟೆ' ಎಂದೇ ಕರೆದರು. ಕ್ರೂಸೇಡ್ ಯುದ್ಧಗಳಲ್ಲಿ ಯುರೋಪಿನವರ ವಶವಾದ ಈ ನೆಲೆಯನ್ನು ಟ್ರಿಪೊಲಿಯ ಎರಡನೆಯ ರೇಮಂಡನು 1142ರಲ್ಲಿ ಹಾಸ್ಪಿಟಲರ್ ಪಂಥಕ್ಕೆ ಬಿಟ್ಟುಕೊಟ್ಟನು. ರೋಗಿಗಳ ಶುಶ್ರೂಷೆಗೆಂದು ಹುಟ್ಟಿದ ಸಂನ್ಯಾಸಿಪಂಥವೊಂದು ಖಡ್ಗ ಹಿಡಿದುದು ಆ ಕಾಲದ ವೈಚಿತ್ರ್ಯವೆನ್ನಬೇಕು. ಬ್ರಹ್ಮಚರ್ಯ, ಅಪರಿಗ್ರಹ, ವಿಧೇಯತೆಗಳ ವ್ರತ ತೊಟ್ಟವರೇ ಇಲ್ಲಿನ ಕಾವಲುಗಾರರು. ಆದುದರಿಂದ ಬುರುಜುಗಳ ನಡುವೆಯೇ ಪ್ರಾರ್ಥನಾಮಂದಿರವೂ ಸಭಾಂಗಣವೂ ಎದ್ದವು.

1170 ಹಾಗೂ 1202ರ ಭೂಕಂಪಗಳ ಅನಂತರ ಕೋಟೆ ಹೊಸ ರೂಪ ತಳೆಯಿತು. ಒಂದರೊಳಗೊಂದು ಎರಡು ಪ್ರಾಕಾರಗಳು, ಒಳಗಿನದು ಎತ್ತರ. ಹೊರಗೋಡೆ ಶತ್ರುವಿನ ಕೈಸೇರಿದರೂ ಒಳಗಿನ ಬಿಲ್ಲುಗಾರರ ಬಾಣಕ್ಕೆ ಅವನು ಗುರಿಯಾಗಲೇಬೇಕು. ಮೂರು ದಿಕ್ಕಿನಲ್ಲಿ ಇಳಿಜಾರೇ ರಕ್ಷಣೆ. ಬೆಟ್ಟದ ಏಣಿಗೆ ಅಂಟಿಕೊಂಡ ದಕ್ಷಿಣ ಭಾಗವೊಂದೇ ದುರ್ಬಲ. ಶಿಲ್ಪಿಗಳ ಜಾಣ್ಮೆಯೆಲ್ಲ ಅಲ್ಲಿಯೇ ವ್ಯಯವಾಗಿದೆ: ಒಳಗೋಡೆಯ ಬುಡಕ್ಕೆ ಓರೆಯಾದ ಭಾರಿ ಕಲ್ಲೊಡ್ಡು, ಅದರ ಮುಂದೆ ನೀರಿನ ತೊಟ್ಟಿ. ಬುಡಕ್ಕೆ ಸುರಂಗ ತೋಡುವವನಿಗೆ ಆ ಒಡ್ಡು ದೊಡ್ಡ ಅಡ್ಡಿ. ಭೂಕಂಪಕ್ಕೂ ಅದು ಆನಿಕೆಯಾದೀತು. ಪೂರ್ವದ ಬಾಗಿಲಿನಿಂದ ಒಳಹೊಕ್ಕವನು ಮುಚ್ಚಿಗೆಯ ಏರುದಾರಿಯಲ್ಲಿ ಹಿಂತಿರುವು ಪಡೆದೇ ಮೇಲೇರಬೇಕು.

ಆದರೆ ಕಲ್ಲು ತಾನಾಗಿ ಕಾವಲು ಕಾಯದು. 1212ರಲ್ಲಿ ಇಲ್ಲಿಗೆ ಬಂದ ಜರ್ಮನ್ ಯಾತ್ರಿಕ ವಿಲ್‌ಬ್ರಾಂಡನು ಸುಮಾರು 2000 ಮಂದಿ ಕಾವಲಿದ್ದುದನ್ನು ದಾಖಲಿಸಿದ್ದಾನೆ. 1268ರ ವೇಳೆಗಾದರೋ, ಪೂರ್ವದೇಶದಲ್ಲಿ ಒಟ್ಟು 300 ಯೋಧರಷ್ಟೇ ಉಳಿದಿರುವರೆಂದು ಪಂಥದ ಮುಖ್ಯಸ್ಥ ಹ್ಯೂ ರೆವೆಲನೇ ಬರೆದನು. 1188ರಲ್ಲಿ ಸಲಾದಿನನು ಮುತ್ತದೆ ಸಾಗಿಹೋದ ಕೋಟೆ 1271ರಲ್ಲಿ ಮಾಮ್ಲೂಕ್ ಸುಲ್ತಾನ ಬೈಬರ್ಸನೆದುರು ಹೆಚ್ಚು ಕಾಲ ನಿಲ್ಲಲಿಲ್ಲ. ಶರಣಾಗಿರೆಂಬ ಮೇಲಧಿಕಾರಿಯ ಪತ್ರವೊಂದು ಒಳಗಿನವರ ಕೈಸೇರಿತು. ಅದು ಸುಲ್ತಾನನ ಕೃತ್ರಿಮವೆಂಬ ಪ್ರತೀತಿಯುಂಟು. ನಿಜವಾಗಿರಲಿ ಸುಳ್ಳಾಗಿರಲಿ, ಹೊರಕೋಟೆ ಹೋಗಿದ್ದ, ನೆರವು ಬಾರದ ಆ ಸಣ್ಣ ಪಡೆಗೆ ಒಂದು ನೆಪ ಸಾಕಾಗಿತ್ತು. ಏಪ್ರಿಲ್ 8ರಂದು ಅವರು ಅಭಯ ಪಡೆದು ಟ್ರಿಪೊಲಿಗೆ ತೆರಳಿದರು.

ವಿಜೇತರು ಕೋಟೆಯನ್ನು ಕೆಡವಲಿಲ್ಲ. ಪ್ರಾರ್ಥನಾಮಂದಿರ ಮಸೀದಿಯಾಯಿತು, ದಕ್ಷಿಣದಲ್ಲಿ ಹೊಸ ಚೌಕ ಬುರುಜು ಎದ್ದಿತು. ಮುಂದೆ ಕೋಟೆಯೊಳಗೇ ಒಂದು ಹಳ್ಳಿ ಬೆಳೆಯಿತು. 1933ರಲ್ಲಿ ಫ್ರೆಂಚ್ ಸರ್ಕಾರ ಇದನ್ನು ಕೊಂಡ ಅನಂತರ ಆ ನಿವಾಸಿಗಳನ್ನು ಹೊರಗೆ ನೆಲೆಗೊಳಿಸಲಾಯಿತು. 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೋಟೆ ಅಂತರ್ಯುದ್ಧದಲ್ಲಿ 2012ರಿಂದ 2014ರವರೆಗೆ ಮತ್ತೆ ಠಾಣ್ಯವಾಯಿತು. ಗುಂಡುಗಳ ಹೊಡೆತಕ್ಕೆ ಸಿಕ್ಕ ಭಾಗಗಳಲ್ಲಿ ಸಭಾಂಗಣದ ಮುಂದಿನ ಕೆತ್ತನೆಯ ಕಮಾನುಗಳೂ ಸೇರಿದ್ದವು.